ಪರಮಾಣು ಬೀಜದ ಅಂತರಂಗವನ್ನು ಅರಸಿದ ರಾಜಾ ರಾಮಣ್ಣ

ಒಬ್ಬ ಮನುಷ್ಯನ ಹೆಸರು ಒಂದೇ ಒಂದು ಘಟನೆಗೆ ಅಂಟಿಕೊಂಡುಬಿಟ್ಟರೆ ಅವನ ಬಾಳಿನ ಉಳಿದ ಭಾಗವೆಲ್ಲ ಆ ಘಟನೆಯ ನೆರಳಿನಲ್ಲಿ ಮರೆಯಾಗುತ್ತದೆ. ಡಾ. ರಾಜಾ ರಾಮಣ್ಣನವರ ವಿಷಯದಲ್ಲಿ ಆಗಿರುವುದು ಇದೇ. ಅವರ ಹೆಸರನ್ನು ಎತ್ತಿದರೆ ಸಾಕು, ಕೇಳಿದವರು ಪೋಖ್ರಾನ್ ಎನ್ನುತ್ತಾರೆ. 1974ನೆಯ ಇಸವಿ ಮೇ 18ರ ಬೆಳಗ್ಗೆ ರಾಜಸ್ಥಾನದ ಮರುಭೂಮಿಯ ಒಡಲಲ್ಲಿ ಸಿಡಿದ ಪರಮಾಣು ಸಾಧನದ ನೆನಪು ಮಾಡಿಕೊಳ್ಳುತ್ತಾರೆ. ಆ ದಿನ ರಾಮಣ್ಣನವರಿಗೆ ನಲವತ್ತೊಂಬತ್ತು ವರ್ಷ. ಅದಕ್ಕೆ ಮೊದಲು ಸುಮಾರು ಇಪ್ಪತ್ತೈದು ವರ್ಷಗಳ ಕಾಲ ಅವರು ಏನು ಮಾಡುತ್ತಿದ್ದರು, ಯಾವ ಪ್ರಶ್ನೆಯ ಬೆನ್ನು ಹತ್ತಿದ್ದರು ಎಂಬುದನ್ನು ವಿಚಾರಿಸುವವರು ಕಡಿಮೆ. ಆ ಪ್ರಶ್ನೆಯನ್ನೂ ಅದನ್ನು ಹೊತ್ತು ನಡೆದ ಆ ಕನ್ನಡಿಗರ ಜೀವನವನ್ನೂ ನನ್ನ ಅಳವಿಗೆ ಎಟುಕಿದಷ್ಟು ಮಟ್ಟಿಗೆ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಾನು ವಿಜ್ಞಾನದ ವಿದ್ಯಾರ್ಥಿನಿಯಲ್ಲ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುತ್ತಿರುವ ಅಂತಿಮ ಬಿ.ಎ. ತರಗತಿಯವಳು. ನನ್ನ ಭೌತಶಾಸ್ತ್ರ ಎಸ್.ಎಸ್.ಎಲ್.ಸಿ.ಗೆ ಮುಗಿಯಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹೀಗಿರುವಾಗ ಪರಮಾಣುವಿನ ವಿಚಾರವಾಗಿ ಬರೆಯುವ ಧೈರ್ಯ ಎಲ್ಲಿಂದ ಬಂತೆಂದು ಸಹಪಾಠಿಗಳು ಕೇಳಬಹುದು. ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ಯಡಿಯೂರಿನಲ್ಲಿ. ಅಲ್ಲಿಗೆ ಸಮೀಪದ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಡಾ. ಎಚ್. ನರಸಿಂಹಯ್ಯನವರು ಬಾಳಿ ದುಡಿದರು. ಬಡ ಕುಟುಂಬದಿಂದ ಬಂದು, ಅಮೆರಿಕದಲ್ಲಿ ಪರಮಾಣು ಭೌತಶಾಸ್ತ್ರದ ಡಾಕ್ಟರೇಟ್ ಪಡೆದು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ವಿಜ್ಞಾನದ ಮಾತು ಸಾಮಾನ್ಯರ ಕಿವಿಗೂ ಬೀಳಬೇಕೆಂದು ಹಟ ಹಿಡಿದವರು ಅವರು. ವಿಜ್ಞಾನ ಯಾರ ಮನೆಯ ಆಸ್ತಿಯೂ ಅಲ್ಲ ಎಂಬ ಅವರ ನಂಬಿಕೆಯೇ ನನ್ನ ಧೈರ್ಯಕ್ಕೆ ಕಾರಣ.

ರಾಮಣ್ಣನವರು ಜನಿಸಿದುದು 1925ನೆಯ ಇಸವಿ ಜನವರಿ 28ರಂದು, ಅಂದಿನ ಮೈಸೂರು ಸಂಸ್ಥಾನದ ತುಮಕೂರು ಜಿಲ್ಲೆಯಲ್ಲಿ. ತಂದೆ ಬಿ. ರಾಮಣ್ಣನವರು ಸಂಸ್ಥಾನದ ನ್ಯಾಯಾಂಗ ಇಲಾಖೆಯಲ್ಲಿದ್ದವರು; ತಾಯಿ ರುಕ್ಮಿಣಿಯಮ್ಮನವರು. ವಿದ್ಯೆಗೂ ಸಂಗೀತಕ್ಕೂ ಮನ್ನಣೆಯಿದ್ದ ಮನೆ. ಅಂದಿನ ಮೈಸೂರು ಸಂಸ್ಥಾನದಲ್ಲಿ ಕರ್ನಾಟಕ ಸಂಗೀತದ ಜೊತೆಗೆ ಪಾಶ್ಚಾತ್ಯ ಸಂಗೀತಕ್ಕೂ ಅರಮನೆಯ ಆಶ್ರಯವಿತ್ತು. ಬಾಲಕ ರಾಮಣ್ಣನವರಿಗೆ ಎಳವೆಯಲ್ಲಿಯೇ ಪಿಯಾನೋ ವಾದ್ಯದ ಮೇಲೆ ಪ್ರೀತಿ ಹುಟ್ಟಿತು. ಆ ಪ್ರೀತಿ ಕೊನೆಯ ದಿನಗಳವರೆಗೂ ಅವರ ಜೊತೆಗಿತ್ತು. ಬೆಂಗಳೂರಿನ ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ ಅವರ ಶಾಲಾ ವಿದ್ಯಾಭ್ಯಾಸ ನಡೆಯಿತು. ಸಾಹಿತ್ಯ, ಸಂಗೀತಗಳೆರಡರಲ್ಲೂ ಆಸಕ್ತರಾಗಿದ್ದ ಅವರು ಮದರಾಸಿನ ಕ್ರಿಶ್ಚಿಯನ್ ಕಾಲೇಜಿಗೆ ಸೇರಿದ ಮೇಲೆ ಭೌತಶಾಸ್ತ್ರವನ್ನು ತಮ್ಮ ವಿಷಯವಾಗಿ ಆರಿಸಿಕೊಂಡರು. ಸಂಗೀತವನ್ನು ಬಿಟ್ಟು ವಿಜ್ಞಾನಕ್ಕೆ ಹೋದರೆಂದು ಹೇಳುವುದು ಸರಿಯಲ್ಲ. ಎರಡನ್ನೂ ಜೊತೆಯಲ್ಲಿಯೇ ಕರೆದುಕೊಂಡು ಹೋದರು.

ಅವರ ಬಾಳಿನ ಮುಖ್ಯ ತಿರುವು ಬಂದುದೂ ಸಂಗೀತದ ಮೂಲಕವೇ. ಎರಡನೆಯ ಮಹಾಯುದ್ಧದ ಕಾರಣದಿಂದ ಕೇಂಬ್ರಿಡ್ಜಿಗೆ ಹಿಂದಿರುಗಲಾಗದೆ ಹೋಮಿ ಭಾಭಾ ಅವರು ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದರು. ಭಾಭಾ ಅವರಿಗೂ ಪಾಶ್ಚಾತ್ಯ ಸಂಗೀತವೆಂದರೆ ಪ್ರಾಣ. ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಪರೀಕ್ಷಕರಾಗಿ ಬಂದಿದ್ದ ಆಲ್ಫ್ರೆಡ್ ಮಿಸ್ಟೋವ್ಸ್ಕಿ ಎಂಬವರ ಮೂಲಕ 1944ರಲ್ಲಿ ಇವರಿಬ್ಬರ ಪರಿಚಯವಾಯಿತು. ಒಬ್ಬರು ಪ್ರಸಿದ್ಧ ವಿಜ್ಞಾನಿ. ಇನ್ನೊಬ್ಬರು ಹತ್ತೊಂಬತ್ತು ವರ್ಷದ ವಿದ್ಯಾರ್ಥಿ. ಅಂದು ಬೆಸೆದ ಸಂಬಂಧ ಭಾಭಾ ಅವರ ಮರಣದವರೆಗೆ, ಇಪ್ಪತ್ತೆರಡು ವರ್ಷಗಳ ಕಾಲ ಉಳಿಯಿತು.

1945ರಲ್ಲಿ ಟಾಟಾ ವಿದ್ಯಾರ್ಥಿವೇತನ ಪಡೆದು ರಾಮಣ್ಣನವರು ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಹೋದರು. ಆ ವರ್ಷವನ್ನು ಜಗತ್ತು ಮರೆಯುವಂತಿಲ್ಲ. ಆಗಸ್ಟ್ 6ರಂದು ಹಿರೋಷಿಮಾ, 9ರಂದು ನಾಗಾಸಾಕಿ ಪರಮಾಣು ಬಾಂಬಿಗೆ ತುತ್ತಾದುವು. ಅಲ್ಲಿಯವರೆಗೆ ಕೆಲವೇ ಪಂಡಿತರ ವಿಷಯವಾಗಿದ್ದ ಪರಮಾಣುವಿನ ಬೀಜ ಒಮ್ಮೆಲೆ ಎಲ್ಲರ ಬಾಯಲ್ಲೂ ಬಂದಿತು. ಅದೇ ಬೀಜವನ್ನು ಕುರಿತು ಅಧ್ಯಯನ ಮಾಡಿ, 1948ರಲ್ಲಿ ರಾಮಣ್ಣನವರು ಡಾಕ್ಟರೇಟ್ ಪದವಿ ಪಡೆದರು. ಲಂಡನ್ನಿನಲ್ಲಿದ್ದಾಗ ಸಂಗೀತದ ಅಭ್ಯಾಸವನ್ನೂ ಅವರು ಬಿಡಲಿಲ್ಲ.

ಇಲ್ಲಿ ಜೀವನಚರಿತ್ರೆಯನ್ನು ಸ್ವಲ್ಪ ನಿಲ್ಲಿಸಿ, ಅವರು ಆರಿಸಿಕೊಂಡ ವಿಷಯವೇನೆಂಬುದನ್ನು ನೋಡೋಣ. ಇದನ್ನು ತಿಳಿಯದೆ ಅವರನ್ನು ತಿಳಿಯಲಾಗದು.

ಪರಮಾಣುವಿನ ನಡುವೆ ಅತಿ ಸಣ್ಣದಾದ, ಅತಿ ಭಾರವಾದ ಬೀಜವೊಂದಿದೆಯೆಂದು 1911ರಲ್ಲಿ ರುದರ್‌ಫರ್ಡ್ ತೋರಿಸಿಕೊಟ್ಟರು. ಇಂಗ್ಲಿಷಿನಲ್ಲಿ ಅದಕ್ಕೆ ನ್ಯೂಕ್ಲಿಯಸ್ ಎನ್ನುತ್ತಾರೆ. ಅದರೊಳಗೆ ಧನ ವಿದ್ಯುತ್ತುಳ್ಳ ಪ್ರೋಟಾನುಗಳಿರುವುದರ ಜೊತೆಗೆ ವಿದ್ಯುತ್ತಿಲ್ಲದ ನ್ಯೂಟ್ರಾನುಗಳೂ ಇವೆಯೆಂಬುದು 1932ರಲ್ಲಿ ಚಾಡ್‌ವಿಕ್ ಅವರಿಂದ ತಿಳಿಯಿತು. ಈ ಬೀಜದ ಅಗಲ ಪರಮಾಣುವಿನ ಅಗಲದ ಹತ್ತಾರು ಸಾವಿರದಲ್ಲಿ ಒಂದು ಪಾಲು. ಯಾವ ಸೂಕ್ಷ್ಮದರ್ಶಕಕ್ಕೂ ಅದರ ಒಳಗು ಕಾಣಿಸದು. ಕಾಣದ ವಸ್ತುವನ್ನು ಅರಿಯಬೇಕಾದರೆ ಮನುಷ್ಯನಿಗೆ ಇರುವ ಉಪಾಯ ಒಂದೇ: ಕಂಡ ವಸ್ತುವಿನ ಹಾಗೆ ಅದನ್ನು ಊಹಿಸಿಕೊಳ್ಳುವುದು; ಆ ಊಹೆಯಿಂದ ಲೆಕ್ಕ ಹಾಕುವುದು; ಲೆಕ್ಕ ಪ್ರಯೋಗಕ್ಕೆ ಹೊಂದುತ್ತದೆಯೇ ಎಂದು ನೋಡುವುದು. ಇಂಥ ಊಹೆಗೆ ವಿಜ್ಞಾನಿಗಳು ಮಾದರಿ ಎಂದು ಹೆಸರಿಟ್ಟಿದ್ದಾರೆ. ನಮ್ಮ ಅರ್ಥಶಾಸ್ತ್ರದ ಪುಸ್ತಕಗಳಲ್ಲಿಯೂ ಮಾದರಿಗಳಿವೆ. ಇಡೀ ಮಾರುಕಟ್ಟೆಯನ್ನು ಎರಡು ಗೆರೆಗಳಲ್ಲಿ ಬರೆದು ತೋರಿಸುವುದೂ ಒಂದು ಮಾದರಿಯೇ ತಾನೆ?

ಪರಮಾಣು ಬೀಜದ ಮೊದಲ ದೊಡ್ಡ ಮಾದರಿ ನೀರಿನ ಹನಿಯದು. ಗ್ಯಾಮೋ ಎಂಬ ವಿಜ್ಞಾನಿ ಮೊಳೆಯಿಸಿದ ಈ ಊಹೆಯನ್ನು 1930ರ ದಶಕದಲ್ಲಿ ಡೆನ್ಮಾರ್ಕಿನ ನೀಲ್ಸ್ ಬೋರ್ ಬೆಳೆಸಿದರು. ನನ್ನ ತಂದೆ ಯಡಿಯೂರಿನ ಬೀದಿಬದಿಯಲ್ಲಿ ದೋಸೆ ಗಾಡಿ ನಡೆಸುತ್ತಾರೆ. ಹಿಟ್ಟು ಹುಯ್ಯುವ ಮೊದಲು ಕಾದ ಕಾವಲಿಯ ಮೇಲೆ ಅವರು ನೀರು ಚಿಮುಕಿಸಿದಾಗ ಹನಿಗಳು ಗುಂಡಾಗಿ ಓಡಾಡುವುದನ್ನು ನಾನು ನೂರಾರು ಸಲ ನೋಡಿದ್ದೇನೆ. ಹನಿಯ ಮೇಲ್ಮೈ ತನ್ನನ್ನು ತಾನೇ ಒಳಕ್ಕೆ ಎಳೆದುಕೊಳ್ಳುವುದರಿಂದ ಅದು ಗುಂಡಗಿರುತ್ತದೆ. ದೊಡ್ಡ ಹನಿಯಾದರೆ ನಡುಗುತ್ತದೆ, ಉದ್ದವಾಗುತ್ತದೆ, ನಡುವೆ ಸಣ್ಣಗಾಗಿ ಒಮ್ಮೊಮ್ಮೆ ಎರಡಾಗಿಯೂ ಬಿಡುತ್ತದೆ. ಪರಮಾಣು ಬೀಜವೂ ಹೀಗೆಯೇ ಎಂಬುದು ಬೋರ್ ಅವರ ಮತ. ಕಣಗಳ ಪರಸ್ಪರ ಸೆಳೆತ ಬೀಜವನ್ನು ಒಟ್ಟಾಗಿ ಹಿಡಿದಿರುತ್ತದೆ; ಪ್ರೋಟಾನುಗಳ ವಿದ್ಯುತ್ತು ಒಂದನ್ನೊಂದು ದೂಡಿ ಅದನ್ನು ಒಡೆಯಲು ನೋಡುತ್ತದೆ. ಚಿಕ್ಕ ಬೀಜಗಳಲ್ಲಿ ಸೆಳೆತದ್ದೇ ಮೇಲುಗೈ. ತೊಂಬತ್ತೆರಡು ಪ್ರೋಟಾನುಗಳಿರುವ ಯುರೇನಿಯಮ್ಮಿನಲ್ಲಿ ಈ ಎರಡು ಬಲಗಳು ಬಹುಮಟ್ಟಿಗೆ ಸಮಸಮವಾಗುತ್ತ ಬರುತ್ತವೆ.

1938ರ ಡಿಸೆಂಬರಿನಲ್ಲಿ ಜರ್ಮನಿಯ ಹಾನ್ ಮತ್ತು ಸ್ಟ್ರಾಸ್‌ಮನ್ ಎಂಬ ರಸಾಯನಶಾಸ್ತ್ರಜ್ಞರು ಯುರೇನಿಯಮ್ಮಿಗೆ ನ್ಯೂಟ್ರಾನುಗಳನ್ನು ತಾಗಿಸಿದಾಗ ಅದರಲ್ಲಿ ಬೇರಿಯಮ್ ಹುಟ್ಟಿದುದನ್ನು ಕಂಡು ಬೆರಗಾದರು. ಹನಿಯ ಮಾದರಿಯಿಂದಲೇ ಇದರ ಅರ್ಥವನ್ನು ಬಿಡಿಸಿದವರು ಲೀಸ್ ಮೈಟ್ನರ್ ಮತ್ತು ಆಕೆಯ ಅಕ್ಕನ ಮಗ ಫ್ರಿಷ್: ಹೊರಗಿನಿಂದ ಬಂದ ನ್ಯೂಟ್ರಾನಿನಿಂದ ಬೀಜ ನಡುಗಿ, ಉದ್ದವಾಗಿ, ಎರಡಾಗಿ ಒಡೆದಿದೆ. ಇದೇ ವಿದಳನ. 1939ರಲ್ಲಿ ಬೋರ್ ಮತ್ತು ವೀಲರ್ ಇದರ ಪೂರ್ಣ ಗಣಿತವನ್ನು ಪ್ರಕಟಿಸಿದರು.

ಆದರೆ ಹನಿಯ ಮಾದರಿಗೆ ಉತ್ತರಿಸಲಾಗದ ಸಂಗತಿಯೊಂದಿತ್ತು. ಪ್ರೋಟಾನುಗಳ ಅಥವಾ ನ್ಯೂಟ್ರಾನುಗಳ ಸಂಖ್ಯೆ 2, 8, 20, 28, 50, 82 ಆಗಿದ್ದರೆ, ಅಥವಾ ನ್ಯೂಟ್ರಾನುಗಳ ಸಂಖ್ಯೆ 126 ಆಗಿದ್ದರೆ, ಅಂಥ ಬೀಜಗಳು ವಿಶೇಷವಾಗಿ ಭದ್ರವಾಗಿರುತ್ತವೆ. ನೀರಿನ ಹನಿಗೆ ಇಂಥ ಸಂಖ್ಯೆಗಳ ಹಂಗೇನು? 1949ರಲ್ಲಿ ಅಮೆರಿಕದಲ್ಲಿದ್ದ ಮರಿಯಾ ಗೆಪರ್ಟ್ ಮೇಯರ್ ಎಂಬ ವಿದುಷಿಯೂ ಜರ್ಮನಿಯ ಯೆನ್ಸನ್ ಅವರೂ ಬೇರೆ ಬೇರೆಯಾಗಿ ಇದಕ್ಕೆ ಉತ್ತರ ಕಂಡರು. ಬೀಜದ ಕಣಗಳು ಪದರ ಪದರವಾದ ಕವಚಗಳಲ್ಲಿ ತಮ್ಮ ತಮ್ಮ ಸ್ಥಾನ ಹಿಡಿದಿರುತ್ತವೆಂಬುದೇ ಆ ಉತ್ತರ. ಮದುವೆ ಮನೆಯ ಊಟದ ಪಂಕ್ತಿಯನ್ನು ನೆನೆಯಿರಿ. ಒಂದೊಂದು ಪಂಕ್ತಿಗೆ ಇಂತಿಷ್ಟೇ ಎಲೆ. ಎಲೆಗಳೆಲ್ಲ ತುಂಬಿದ ಪಂಕ್ತಿ ನೆಮ್ಮದಿಯಾಗಿರುತ್ತದೆ. ಅಲ್ಲಿಂದ ಯಾರನ್ನೂ ಏಳಿಸುವುದು ಕಷ್ಟ. ಆಮೇಲೆ ಬಂದವನು ಮುಂದಿನ ಪಂಕ್ತಿಯಲ್ಲಿ ಒಬ್ಬನೇ ಕುಳಿತುಕೊಳ್ಳಬೇಕು. ಅವನನ್ನು ಎಬ್ಬಿಸುವುದು ಸುಲಭ. ಪಂಕ್ತಿ ತುಂಬುವ ಆ ಸಂಖ್ಯೆಗಳಿಗೆ ಮಾಯಾಸಂಖ್ಯೆಗಳೆಂದು ಹೆಸರಾಯಿತು. ಈ ಕವಚ ಮಾದರಿಗಾಗಿ ಅವರಿಬ್ಬರಿಗೂ 1963ರಲ್ಲಿ ನೊಬೆಲ್ ಪಾರಿತೋಷಕ ದೊರಕಿತು.

ವಿಚಿತ್ರವೆಂದರೆ ಈ ಎರಡು ಮಾದರಿಗಳು ಒಂದಕ್ಕೊಂದು ವಿರುದ್ಧವಾದುವು. ಹನಿಯಲ್ಲಿ ಕಣಗಳು ಸಂತೆಯ ಜನರಂತೆ ಮೈಗೆ ಮೈ ತಾಗಿ ನೂಕಾಡುತ್ತವೆ. ಕವಚದಲ್ಲಾದರೋ ಪ್ರತಿಯೊಂದು ಕಣವೂ ನೆರೆಯವರ ಗೊಡವೆಯಿಲ್ಲದೆ ತನ್ನ ಹಾದಿಯಲ್ಲಿ ಸುತ್ತುತ್ತದೆ. ಆದರೂ ಎರಡೂ ಬೇಕು. ಒಂದನ್ನು ಬಿಟ್ಟರೆ ಬೀಜದ ಅರ್ಧ ಸ್ವಭಾವ ಕೈತಪ್ಪಿ ಹೋಗುತ್ತದೆ. ಈ ವಿರೋಧ ಎಲ್ಲಕ್ಕಿಂತ ಎದ್ದು ಕಾಣುತ್ತಿದ್ದುದು ವಿದಳನದಲ್ಲಿ. ಬರಿಯ ಹನಿಯಾಗಿದ್ದರೆ ಯುರೇನಿಯಮ್ ಬೀಜ ಸರಿಯಾಗಿ ಎರಡು ಸಮಪಾಲಾಗಬೇಕಿತ್ತು. ವಾಸ್ತವದಲ್ಲಿ ನಿಧಾನವಾದ ನ್ಯೂಟ್ರಾನಿನಿಂದ ಅದು ಒಡೆದಾಗ ಬಹುತೇಕ ಒಂದು ಪಾಲು ದೊಡ್ಡದು, ಒಂದು ಪಾಲು ಚಿಕ್ಕದು. ತೂಕದ ಲೆಕ್ಕದಲ್ಲಿ ಒಂದು 140ರ ಆಸುಪಾಸು, ಇನ್ನೊಂದು 95ರ ಆಸುಪಾಸು. ಸಮಪಾಲಾಗುವುದು ತೀರ ಅಪರೂಪ. ಹೀಗೇಕೆ? ರಾಮಣ್ಣನವರು ತಮ್ಮ ನಡುಹರೆಯದ ವರ್ಷಗಳನ್ನು ತೆತ್ತುದು ಈ ಪ್ರಶ್ನೆಗಾಗಿ.

1949ರಲ್ಲಿ ಅವರು ಸ್ವದೇಶಕ್ಕೆ ಹಿಂದಿರುಗಿ, ಭಾಭಾ ಅವರು ಮುಂಬಯಿಯಲ್ಲಿ ಕಟ್ಟಿದ್ದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಸೇರಿದರು. ಸ್ವಾತಂತ್ರ್ಯ ಬಂದು ಎರಡೇ ವರ್ಷ. ಉಪಕರಣ ಬೇಕೆಂದರೆ ಕೈಯಿಂದ ಮಾಡಿಕೊಳ್ಳಬೇಕಾದ ಕಾಲ. ನೀರು, ಬೆರಿಲಿಯಮ್ ಆಕ್ಸೈಡ್ ಮೊದಲಾದ ವಸ್ತುಗಳಲ್ಲಿ ನ್ಯೂಟ್ರಾನುಗಳು ಹೇಗೆ ವೇಗ ಕಳೆದುಕೊಳ್ಳುತ್ತವೆ, ಹೇಗೆ ಹರಡಿಕೊಳ್ಳುತ್ತವೆ ಎಂಬುದನ್ನು ಅವರೂ ಅವರ ಸಹೋದ್ಯೋಗಿಗಳೂ ಅಳೆದು ನೋಡಿದರು. ಇದು ರಿಯಾಕ್ಟರ್ ಕಟ್ಟುವವರಿಗೆ ಅವಶ್ಯವಾದ ಜ್ಞಾನ. 1956ನೆಯ ಇಸವಿ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಅಪ್ಸರಾ ಎಂಬ ರಿಯಾಕ್ಟರ್ ನಡೆಯತೊಡಗಿತು. ಕೊಳದ ನೀರಿನಲ್ಲಿ ಮುಳುಗಿಸಿಟ್ಟ, ನೀಲಿ ಬೆಳಕು ಸೂಸುವ ಈ ರಿಯಾಕ್ಟರಿಗೆ ಆ ಹೆಸರಿಟ್ಟವರು ಪ್ರಧಾನಿ ನೆಹರೂ. ದೇಶದ ಮೊದಲ ರಿಯಾಕ್ಟರ್ ಅದು.

ಅಪ್ಸರಾ ಬಂದ ಮೇಲೆ ರಾಮಣ್ಣನವರಿಗೆ ನ್ಯೂಟ್ರಾನುಗಳ ಕೊರತೆ ನೀಗಿತು. ಆ ನ್ಯೂಟ್ರಾನುಗಳಿಂದ ಯುರೇನಿಯಮ್ ಬೀಜಗಳನ್ನು ಒಡೆದು, ತುಂಡುಗಳು ಎಷ್ಟು ಶಕ್ತಿಯಿಂದ ಹಾರುತ್ತವೆ, ಒಡೆಯುವ ಗಳಿಗೆಯಲ್ಲಿ ಯಾವ ಯಾವ ಕಿರಣಗಳೂ ಕಣಗಳೂ ಹೊಮ್ಮುತ್ತವೆ ಎಂಬುದನ್ನು ಅವರ ಗುಂಪು ವರ್ಷಗಟ್ಟಲೆ ಅಳೆಯಿತು. ಒಂದು ಬೀಜ ಒಡೆಯಲು ಹಿಡಿಯುವ ಕಾಲ ನಮ್ಮ ಕಣ್ಣು ಮಿಟುಕಿಸುವುದರ ಕೋಟಿ ಕೋಟಿ ಪಾಲಿಗಿಂತ ಕಡಿಮೆ. ಆ ಕ್ಷಣದಲ್ಲಿ ಏನಾಯಿತೆಂಬುದನ್ನು ಹಾರಿಹೋದ ತುಂಡುಗಳಿಂದ ಹಿಂದಕ್ಕೆ ಊಹಿಸಬೇಕು. ಇತಿಹಾಸದ ವಿದ್ಯಾರ್ಥಿಗಳಾದ ನಾವು ಮುರಿದ ಶಾಸನದ ತುಂಡುಗಳಿಂದ ಒಂದು ರಾಜ್ಯದ ಕಥೆಯನ್ನು ಕೂಡಿಸುತ್ತೇವಲ್ಲವೆ? ಈ ಕೆಲಸವೂ ಅಂಥದೇ ಎಂದು ನನಗೆ ತೋರಿತು.

1960ರ ದಶಕದಲ್ಲಿ ರಾಮಣ್ಣನವರು ತಮ್ಮ ಸಹೋದ್ಯೋಗಿಗಳೊಡನೆ ಈ ಪ್ರಶ್ನೆಗೆ ಒಂದು ಉತ್ತರವನ್ನು ಮುಂದಿಟ್ಟರು. ಅದರ ಸಾರವನ್ನು ಮತ್ತೆ ಪಂಕ್ತಿಯ ಭಾಷೆಯಲ್ಲಿಯೇ ಹೇಳುತ್ತೇನೆ. ಬೀಜ ಉದ್ದವಾಗಿ, ನಡುವೆ ಕತ್ತು ಮೂಡಿದಾಗ, ಎರಡು ಕೋಣೆಗಳೂ ಅವುಗಳ ನಡುವೆ ಒಂದು ಬಾಗಿಲೂ ಆದಂತಾಗುತ್ತದೆ. ಬಾಗಿಲು ಮುಚ್ಚುವ ಮೊದಲು ಕಣಗಳು ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಗೊತ್ತುಗುರಿಯಿಲ್ಲದೆ ಹೋಗಿ ಬರುತ್ತಿರುತ್ತವೆ. ಯಾವ ಕಣ ಯಾವಾಗ ಹೋಗುತ್ತದೆಂದು ಹೇಳಲಾಗದು. ಹೋಗುವ ಸಂಭವ ಎಷ್ಟೆಂದು ಮಾತ್ರ ಲೆಕ್ಕ ಹಾಕಬಹುದು. ಒಂದು ಕೋಣೆಯಲ್ಲಿ ಪಂಕ್ತಿ ಸರಿಯಾಗಿ ತುಂಬಿತೆಂದರೆ ಅಲ್ಲಿಂದ ಏಳುವವರು ಕಡಿಮೆಯಾಗುತ್ತಾರೆ. ಹೀಗೆ ಗೊತ್ತುಗುರಿಯಿಲ್ಲದ ಓಡಾಟದಲ್ಲಿಯೇ ಒಂದು ಪಾಲು ಮಾಯಾಸಂಖ್ಯೆಗಳ ಕಡೆಗೆ ವಾಲಿ ದೊಡ್ಡದಾಗುತ್ತದೆ. ಅಷ್ಟರಲ್ಲಿ ಕತ್ತು ಕತ್ತರಿಸಿ ಹೋಗುತ್ತದೆ. ಐವತ್ತು ಪ್ರೋಟಾನು, ಎಂಬತ್ತೆರಡು ನ್ಯೂಟ್ರಾನು ಸೇರಿದರೆ 132. ದೊಡ್ಡ ಪಾಲು ಸಾಮಾನ್ಯವಾಗಿ ಅದಕ್ಕಿಂತ ತುಸು ಮೇಲೆಯೇ ಇರುವುದು ಆಕಸ್ಮಿಕವಲ್ಲವೆಂದು ಆ ದಿನಗಳ ವಿಜ್ಞಾನಿಗಳಿಗೆ ತೋರಿತ್ತು. ಹನಿಯ ಮಾದರಿಗೂ ಕವಚದ ಮಾದರಿಗೂ ನಡುವೆ ಸಂಭವಗಣಿತದ ಸೇತುವೆ ಕಟ್ಟುವ ಈ ಪ್ರಯತ್ನ ಒಂದು ಸ್ವಂತ ದಾರಿ. 1963ರಲ್ಲಿ ಅವರಿಗೆ ಶಾಂತಿಸ್ವರೂಪ ಭಟ್ನಾಗರ್ ಪಾರಿತೋಷಕ ಬಂದಿತು.

ಇದು ಕೊನೆಯ ಉತ್ತರವಾಯಿತೆಂದು ಹೇಳಿದರೆ ಅತಿಶಯೋಕ್ತಿಯಾದೀತು. 1967ರಲ್ಲಿ ಸೋವಿಯತ್ ದೇಶದ ಸ್ಟ್ರೂಟಿನ್ಸ್ಕಿ ಹನಿಯ ಲೆಕ್ಕಕ್ಕೆ ಕವಚದ ಲೆಕ್ಕವನ್ನು ತಿದ್ದುಪಡಿಯಾಗಿ ಸೇರಿಸುವ ಇನ್ನೊಂದು ವಿಧಾನವನ್ನು ಕಂಡುಹಿಡಿದರು. ಲೋಕದ ವಿಜ್ಞಾನಿಗಳು ಹೆಚ್ಚಾಗಿ ಹಿಡಿದುದು ಆ ದಾರಿಯನ್ನು. ಟ್ರಾಂಬೆಯ ಗುಂಪಿನಲ್ಲಿದ್ದ ವಿ. ಎಸ್. ರಾಮಮೂರ್ತಿ, ಎಸ್. ಎಸ್. ಕಪೂರ್ ಮೊದಲಾದವರು 1970ರಲ್ಲಿ ಬೀಜ ಹೆಚ್ಚು ಹೆಚ್ಚು ಕಾದಂತೆ ಕವಚಗಳ ಪ್ರಭಾವ ಕರಗಿಹೋಗುವ ಬಗೆಯನ್ನು ವಿವರಿಸಿದರು. ಪಂಕ್ತಿಯಲ್ಲಿ ಗದ್ದಲವೆದ್ದರೆ ಎಲೆಗಳ ಲೆಕ್ಕ ಯಾರಿಗೆ ಬೇಕು? 2018ರಲ್ಲಿ ಸ್ಕಾಂಪ್ಸ್, ಸಿಮೆನೆಲ್ ಎಂಬ ಇಬ್ಬರು ದೊಡ್ಡ ತುಂಡು ಬೇರ್ಪಡುವಾಗ ತಾಳುವ ಪೇರಲೆಹಣ್ಣಿನಂಥ ಆಕಾರದಿಂದ ಹೊಸದೊಂದು ಸಮಾಧಾನವನ್ನು ಕೊಟ್ಟರು. ಎಂದರೆ, ತುಮಕೂರು ಜಿಲ್ಲೆಯ ಒಬ್ಬರು ಯೌವನದಲ್ಲಿ ಕೈಗೆತ್ತಿಕೊಂಡ ಪ್ರಶ್ನೆ, ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೂ ವಿದ್ವಾಂಸರ ನಿದ್ದೆಗೆಡಿಸುತ್ತಲೇ ಇತ್ತು. ಪ್ರಶ್ನೆಯ ಯೋಗ್ಯತೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ತಾವೊಬ್ಬರೇ ಕಲಿತರೆ ಸಾಲದೆಂದು ರಾಮಣ್ಣನವರು ತಿಳಿದಿದ್ದರು. 1957ರಲ್ಲಿ ಟ್ರಾಂಬೆಯಲ್ಲಿ ಪ್ರಾರಂಭವಾದ ತರಬೇತಿ ಶಾಲೆಯ ಹಿಂದೆ ಅವರ ದುಡಿಮೆಯಿತ್ತು. ದೇಶದ ಬೇರೆ ಬೇರೆ ವಿಶ್ವವಿದ್ಯಾನಿಲಯಗಳಿಂದ ಬಂದ ಪದವೀಧರರನ್ನು ಪ್ರತಿವರ್ಷವೂ ಆರಿಸಿ, ವೇತನ ಕೊಟ್ಟು, ಒಂದು ವರ್ಷ ಪಾಠ ಹೇಳಿ, ವಿಜ್ಞಾನಿಗಳನ್ನಾಗಿ ಮಾಡುವ ಶಾಲೆ ಅದು. ಮನೆಯಲ್ಲಿ ಯಾರೂ ಓದದ ಹುಡುಗ ಹುಡುಗಿಯರಿಗೆ ಇಂಥ ಬಾಗಿಲು ತೆರೆದಿರುವುದು ಎಷ್ಟು ದೊಡ್ಡ ಮಾತೆಂಬುದನ್ನು ನಮ್ಮಂಥವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಮುಂದೆ ಕಲ್ಕತ್ತೆಯ ಸೈಕ್ಲೊಟ್ರಾನ್, 1984ರಲ್ಲಿ ಇಂದೂರಿನಲ್ಲಿ ಆರಂಭವಾದ ಉನ್ನತ ತಂತ್ರಜ್ಞಾನ ಕೇಂದ್ರ, ಇವುಗಳಿಗೂ ಅವರು ನೀರೆರೆದರು. ಇಂದೂರಿನ ಕೇಂದ್ರಕ್ಕೆ 2005ರಲ್ಲಿ ಅವರ ಹೆಸರನ್ನೇ ಇಡಲಾಯಿತು.

1966ನೆಯ ಇಸವಿ ಜನವರಿ 24ರಂದು ಭಾಭಾ ಅವರು ಆಲ್ಪ್ಸ್ ಪರ್ವತದಲ್ಲಿ ವಿಮಾನಾಪಘಾತಕ್ಕೆ ಈಡಾದರು. ಟ್ರಾಂಬೆಯ ಸಂಸ್ಥೆಗೆ ಭಾಭಾ ಪರಮಾಣು ಸಂಶೋಧನ ಕೇಂದ್ರವೆಂದು ಹೆಸರಾಯಿತು. 1972ರಲ್ಲಿ ರಾಮಣ್ಣನವರು ಅದರ ನಿರ್ದೇಶಕರಾದರು. ಅವರ ನೇತೃತ್ವದಲ್ಲಿ ಕೆಲವೇ ಮಂದಿ ವಿಜ್ಞಾನಿಗಳು ಗುಟ್ಟಾಗಿ ದುಡಿದು ಸಿದ್ಧಪಡಿಸಿದ ಸಾಧನ 1974ರ ಮೇ 18ರ ಬೆಳಗ್ಗೆ ಎಂಟು ಗಂಟೆ ಕಳೆದ ಸ್ವಲ್ಪ ಹೊತ್ತಿನಲ್ಲಿ ಪೋಖ್ರಾನಿನ ನೆಲದೊಳಗೆ ಸಿಡಿಯಿತು. ಅದರಲ್ಲಿ ಬಳಸಿದ ಪ್ಲುಟೋನಿಯಮ್ ಕೆನಡಾ ದೇಶದ ನೆರವಿನಿಂದ ಟ್ರಾಂಬೆಯಲ್ಲಿ ಕಟ್ಟಿದ ಸೈರಸ್ ರಿಯಾಕ್ಟರಿನಲ್ಲಿ ತಯಾರಾದುದು. ದೇಶದಲ್ಲಿ ಸಂತೋಷ ಉಕ್ಕಿತು. ಹೊರಗೆ ಕೋಪವೂ ಉಕ್ಕಿತು. ಕೆನಡಾ ತನ್ನ ಸಹಕಾರವನ್ನು ನಿಲ್ಲಿಸಿತು. ಪರಮಾಣು ಸಾಮಗ್ರಿಯ ಮಾರಾಟಕ್ಕೆ ಕಡಿವಾಣ ಹಾಕಲು ಮುಂದುವರಿದ ದೇಶಗಳು ಒಂದು ಕೂಟವನ್ನೇ ಕಟ್ಟಿಕೊಂಡವು. ರಾಜಸ್ಥಾನದಲ್ಲಿ ಅರ್ಧಕ್ಕೆ ನಿಂತ ಎರಡನೆಯ ವಿದ್ಯುತ್ ರಿಯಾಕ್ಟರನ್ನು ನಮ್ಮ ಎಂಜಿನಿಯರುಗಳೇ ಪೂರ್ತಿ ಮಾಡಬೇಕಾಯಿತು. 1975ರಲ್ಲಿ ಸರಕಾರ ರಾಮಣ್ಣನವರಿಗೆ ಪದ್ಮವಿಭೂಷಣ ಪ್ರಶಸ್ತಿಯನ್ನಿತ್ತಿತು.

ಇತಿಹಾಸದ ವಿದ್ಯಾರ್ಥಿನಿಯಾಗಿ ಇಲ್ಲಿ ನಾನು ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಅಂದಿನ ಸರಕಾರ ಇದನ್ನು ಶಾಂತಿಯ ಉದ್ದೇಶದ ಸ್ಫೋಟವೆಂದು ಸಾರಿತು. ಗಣಿಗಾರಿಕೆ, ಅಗೆತ ಮೊದಲಾದ ಕೆಲಸಗಳಿಗೆ ಇಂಥ ಸ್ಫೋಟ ಉಪಯೋಗಕ್ಕೆ ಬರುವುದೆಂಬ ವಾದ ಆ ಕಾಲದಲ್ಲಿ ಬೇರೆ ದೇಶಗಳಲ್ಲಿಯೂ ಇತ್ತೆಂಬುದು ನಿಜ. ಆದರೆ ಇಪ್ಪತ್ತಮೂರು ವರ್ಷಗಳ ತರುವಾಯ, 1997ರಲ್ಲಿ, ಪೋಖ್ರಾನಿನಲ್ಲಿ ಸಿಡಿದುದು ಬಾಂಬೇ ಎಂದು ರಾಮಣ್ಣನವರು ಸುದ್ದಿಗಾರರಿಗೆ ಬಹಿರಂಗವಾಗಿ ತಿಳಿಸಿದರು. ಅಷ್ಟು ವರ್ಷ ಸುಮ್ಮನಿದ್ದುದು ಸರಿಯೇ ಎಂದು ಕೇಳುವವರಿದ್ದಾರೆ. ರಾಜ್ಯದ ಗುಟ್ಟನ್ನು ಕಾಯುವುದು ಅವರ ಹೊಣೆಯಾಗಿತ್ತೆಂದು ಸಮರ್ಥಿಸುವವರೂ ಇದ್ದಾರೆ. ನನಗೆ ತೋರುವುದಿಷ್ಟು: ವಿಜ್ಞಾನಿಯ ಧರ್ಮ ಕಂಡುದನ್ನು ಕಂಡಂತೆ ಹೇಳುವುದು, ರಾಜ್ಯದ ಸೇವಕನ ಧರ್ಮ ಕೆಲವನ್ನು ಹೇಳದಿರುವುದು. ಈ ಎರಡು ಧರ್ಮಗಳು ಒಬ್ಬನೇ ಮನುಷ್ಯನಲ್ಲಿ ಕೂಡಿದಾಗ ಅವನ ಬಾಳು ಹಗುರವಾಗಿರಲಾರದು. ಹಿರೋಷಿಮಾದ ವರ್ಷದಲ್ಲಿ ವಿದ್ಯಾರ್ಥಿಯಾಗಿ ಹೊರಟವರು ತಮ್ಮ ದೇಶಕ್ಕೆ ಬಾಂಬು ಮಾಡಿಕೊಟ್ಟರೆಂಬುದನ್ನು ಮರೆಯುವ ಹಾಗಿಲ್ಲ. ಅದನ್ನು ಮೆಚ್ಚಿದವರೂ ಆ ಆಯುಧದ ಭಯಂಕರತೆಯನ್ನು ಮರೆಯುವ ಹಾಗಿಲ್ಲ.

ಮುಂದೆ ಅವರು ರಕ್ಷಣಾ ಮಂತ್ರಿಗಳ ವೈಜ್ಞಾನಿಕ ಸಲಹೆಗಾರರಾದರು. 1983ರಿಂದ 1987ರವರೆಗೆ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದರು. ನಮ್ಮ ರಾಜ್ಯದ ಕೈಗಾದಲ್ಲಿ ಪರಮಾಣು ವಿದ್ಯುತ್ ಸ್ಥಾವರದ ವಿವಾದ ಎದ್ದುದು 1980ರ ದಶಕದಲ್ಲಿ. ಪಶ್ಚಿಮ ಘಟ್ಟದ ಕಾಡಿಗೆ, ಕಾಳಿ ನದಿಗೆ, ಅಲ್ಲಿನ ಜನಕ್ಕೆ ಕೇಡಾಗುವುದೆಂದು ವಿರೋಧಿಸಿದವರ ಮುಂಚೂಣಿಯಲ್ಲಿ ಶಿವರಾಮ ಕಾರಂತರಿದ್ದರು. 1989ರಲ್ಲಿ ಕಾರಂತರು ಪರಿಸರದ ಪ್ರಶ್ನೆಯನ್ನು ಮುಂದಿಟ್ಟು ಕೆನರಾ ಕ್ಷೇತ್ರದಿಂದ ಲೋಕಸಭೆಯ ಚುನಾವಣೆಗೂ ನಿಂತರು, ಗೆಲ್ಲಲಿಲ್ಲ. ಕೊನೆಗೆ ಸ್ಥಾವರ ಎದ್ದಿತು. 2000ದಲ್ಲಿ ವಿದ್ಯುತ್ತು ಕೊಡತೊಡಗಿತು. ಕನ್ನಡ ನಾಡು ಪರಮಾಣು ಶಕ್ತಿಗಾಗಿ ಬಾಳು ಮುಡಿಪಿಟ್ಟ ರಾಮಣ್ಣನವರನ್ನೂ ಹೆತ್ತಿತು, ಅದನ್ನು ಎದುರಿಸಿ ನಿಂತ ಕಾರಂತರನ್ನೂ ಹೆತ್ತಿತು. ವಿದ್ಯಾವಂತರೆನಿಸಿಕೊಳ್ಳಲು ಹೊರಟಿರುವ ನಾವು ಇಬ್ಬರ ವಾದವನ್ನೂ ಓದಿ ತೂಗಿ ನೋಡಬೇಕು. ಜೈಕಾರವಾಗಲಿ ಧಿಕ್ಕಾರವಾಗಲಿ ಓದಿಗೆ ಬದಲಿಯಾಗಲಾರದು.

1988ರಲ್ಲಿ ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ, ಜೆ. ಆರ್. ಡಿ. ಟಾಟಾ ಅವರ ಆಸಕ್ತಿಯಿಂದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಜನ್ಮ ತಾಳಿತು. ರಾಮಣ್ಣನವರು ಅದರ ಮೊದಲ ನಿರ್ದೇಶಕರು. ವಿಜ್ಞಾನಿ, ಇತಿಹಾಸಕಾರ, ಆಡಳಿತಗಾರ, ತತ್ತ್ವಶಾಸ್ತ್ರಜ್ಞ, ಕಲಾವಿದ ಇವರೆಲ್ಲರೂ ಒಂದೇ ಸೂರಿನಡಿ ಕುಳಿತು ಮಾತನಾಡಬೇಕೆಂಬುದು ಆ ಸಂಸ್ಥೆಯ ಆಶಯ. ಅವರ ಗುಂಪಿನಲ್ಲಿ ಬೆಳೆದ ರಾಮಮೂರ್ತಿಯವರೂ ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದರು. ನಡುವೆ 1990ರಲ್ಲಿ ರಾಮಣ್ಣನವರು ಕೆಲವು ತಿಂಗಳು ಕೇಂದ್ರದಲ್ಲಿ ರಕ್ಷಣಾ ಖಾತೆಯ ರಾಜ್ಯಮಂತ್ರಿಗಳಾಗಿದ್ದರು. 1997ರಿಂದ 2003ರವರೆಗೆ ರಾಜ್ಯಸಭೆಯ ನಾಮಕರಣ ಸದಸ್ಯರಾಗಿದ್ದರು. 1991ರಲ್ಲಿ ಅವರ ಆತ್ಮಕಥೆ ಇಂಗ್ಲಿಷಿನಲ್ಲಿ ಹೊರಬಂದಿತು. 1993ರಲ್ಲಿ ರಾಗಪದ್ಧತಿಯ ಮತ್ತು ಪಾಶ್ಚಾತ್ಯ ಪದ್ಧತಿಯ ಸಂಗೀತಗಳ ರಚನೆಯನ್ನು ಕುರಿತ ಪುಸ್ತಕವೂ ಬಂದಿತು. ಎರಡು ಬೇರೆ ಬೇರೆ ಪದ್ಧತಿಗಳನ್ನು ಎದುರುಬದುರಾಗಿ ಇಟ್ಟು, ಒಂದನ್ನು ಇನ್ನೊಂದರಲ್ಲಿ ಮುಳುಗಿಸದೆ ನೋಡುವ ಅಭ್ಯಾಸ ಅವರಿಗೆ ಹನಿ ಮತ್ತು 
ಕವಚಗಳ ಕಾಲದಿಂದಲೂ ಇತ್ತಲ್ಲವೆ?

2004ನೆಯ ಇಸವಿ ಸೆಪ್ಟೆಂಬರ್ 24ರಂದು ಮುಂಬಯಿಯಲ್ಲಿ ರಾಮಣ್ಣನವರು ತೀರಿಕೊಂಡರು. ಆಗ ಅವರಿಗೆ ಎಪ್ಪತ್ತೊಂಬತ್ತು ವರ್ಷ. ನಮ್ಮ ತರಗತಿಯ ಹೆಚ್ಚಿನವರು ಆಗ ಹುಟ್ಟಿಯೇ ಇರಲಿಲ್ಲ. ನಮ್ಮ ಪೀಳಿಗೆಗೆ ಅವರು ಸಾಮಾನ್ಯಜ್ಞಾನದ ಪುಸ್ತಕದ ಒಂದು ಸಾಲು, ಸ್ಪರ್ಧಾತ್ಮಕ ಪರೀಕ್ಷೆಯ ಒಂದು ಅಂಕದ ಪ್ರಶ್ನೆ.

ಆ ಒಂದು ಅಂಕಕ್ಕೆ ಮೀರಿದುದು ಅವರಲ್ಲಿ ಬಹಳವಿದೆ ಎಂಬುದನ್ನು ತೋರಿಸಲು ಯತ್ನಿಸಿದ್ದೇನೆ. ಪರಮಾಣು ಬೀಜವನ್ನು ಒಂದೇ ಮಾದರಿಯಿಂದ ಅರಿಯಲಾಗದೆಂದು ವಿಜ್ಞಾನ ಒಪ್ಪಿಕೊಂಡಿದೆ. ಮನುಷ್ಯರನ್ನು ಅಳೆಯುವಾಗ ಮಾತ್ರ ನಾವು ಒಂದೇ ಮಾದರಿಗೆ ಜೋತುಬೀಳುತ್ತೇವೆ: ಅವರು ಬಾಂಬು ಮಾಡಿದವರು, ಇವರು ಬಾಂಬನ್ನು ವಿರೋಧಿಸಿದವರು, ಅವರು ವಿಜ್ಞಾನದವರು, ಇವರು ಕಲೆಯವರು. ಬೀಜವೇಕೆ ಸಮವಾಗಿ ಒಡೆಯದೆಂದು ವರ್ಷಗಟ್ಟಲೆ ಕೇಳುತ್ತಿದ್ದವರೂ, ಪೋಖ್ರಾನಿನ ಹೊಣೆ ಹೊತ್ತವರೂ, ಪಿಯಾನೋ ನುಡಿಸುತ್ತಿದ್ದವರೂ ಒಬ್ಬರೇ ರಾಮಣ್ಣ. ಬೇಸಗೆಯ ರಜೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕಡೆಗೆ ಹೋಗುವ ಸ್ನೇಹಿತರು ಅವರು ಕಟ್ಟಿದ ಉನ್ನತ ಅಧ್ಯಯನ ಸಂಸ್ಥೆಯನ್ನೂ ನೋಡಿ ಬರಲಿ. ನಮ್ಮ ಕಾಲೇಜಿನ ವಿಜ್ಞಾನದ ಅಧ್ಯಾಪಕರು ಮುಂದಿನ ವರ್ಷ ನಮ್ಮ ಕಲಾ ವಿಭಾಗದವರಿಗೂ ಪರಮಾಣುವಿನ ಮೇಲೆ ಒಂದು ಉಪನ್ಯಾಸ ಏರ್ಪಡಿಸಿದರೆ, ನಾನು ಆ ವೇಳೆಗೆ ಈ ಕಾಲೇಜನ್ನು ಬಿಟ್ಟಿದ್ದರೂ, ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುವೆನು.